ಫಕೀರವ್ವ ಹೊಲಿದ ಊರು

ಆ ವರ್ಷ ನಾನು ಪಾತ್ರೆ ಕೊಟ್ಟು ಬದಲಿಗೆ ನೀಲಿ ಬಟ್ಟೆಯನ್ನಷ್ಟೇ ತೆಗೆದುಕೊಂಡೆ. ಹಳೆ ಬಟ್ಟೆಗೆ ಪಾತ್ರೆ ಕೊಡುವುದು ನನ್ನ ಕಸುಬು. ಬೇರೆ ಕಾಲದಲ್ಲಾದರೆ ನಮ್ಮೂರಿನ ಹೆಂಗಸರು ಹರಿದ ಲಂಗ, ಜಾಳಾದ ಪಂಚೆ ತಂದು ಮುಂದೆ ಹಾಕಿ, ಸೌಟಿನ ಜೊತೆಗೆ ಇನ್ನೊಂದು ಲೋಟ ಸೇರಿಸು ಎಂದು ನನ್ನ ತಲೆ ತಿನ್ನುವವರು. ಆ ವರ್ಷ ಮಾತ್ರ ಟ್ರಂಕಿನ ತಳದಿಂದ ಮದುವೆ ಸೀರೆ ತೆಗೆದುಕೊಟ್ಟರು, ಪಾತ್ರೆ ಬೇಡವೆಂದರು. ಕೊಡುವಾಗ ಎಲ್ಲರದ್ದೂ ಒಂದೇ ಮಾತು: "ಹುಲಿಗೆವ್ವಾ, ಫಕೀರವ್ವಗ ಹೇಳು. ಕೆರಿ ನಮ್ಮ ಮನಿ ಮುಂದ ಹೊಲಿ ಅನ್ನು."

ನಮ್ಮೂರಿನ ಕೆರೆ ಒಂದು ಕಡೆ ನಿಲ್ಲುವಂಥದ್ದಲ್ಲ. ಇವತ್ತು ಅಗಸರ ಓಣಿಯ ಹಿಂದಿದ್ದರೆ ನಾಳೆ ಗಿರಣಿಯ ಪಕ್ಕ, ನಾಡಿದ್ದು ಇನ್ನೆಲ್ಲೋ. ಬೆಳಗಾಗುತ್ತಲೇ ಅದನ್ನು ಮೊದಲು ಕಂಡವರು ದಿಕ್ಕನ್ನು ಕೂಗಿ ಹೇಳಬೇಕು. ಆ ಕೂಗು ಓಣಿಯಿಂದ ಓಣಿಗೆ ದಾಟುತ್ತದೆ. ಕೊಡ ಹೊತ್ತವರು, ಬಟ್ಟೆಗಂಟಿನವರು, ಒಗೆಯುವ ಹಲಗೆಯನ್ನು ಬಗಲಲ್ಲಿ ಇರುಕಿಕೊಂಡವರು ಎಲ್ಲ ಆ ಕಡೆ ಹೊರಡುತ್ತಾರೆ. ಬಾತುಕೋಳಿಗಳು ಯಾರ ಕೂಗಿಗೂ ಕಾಯುವುದಿಲ್ಲ, ಸಾಲು ಹಿಡಿದು ನಡೆದುಬಿಡುತ್ತವೆ. ಅವಸರ ಇದ್ದವರು ಅವುಗಳ ಬೆನ್ನು ಹತ್ತುತ್ತಾರೆ. ಅಂಬಿಗರ ದೋಣಿಗೆ ಎತ್ತಿನ ಗಾಡಿಯ ಗಾಲಿ ಹಚ್ಚಿದ್ದಾರೆ. ಯಾರ ಮನೆ ಮುಂದೆ ಕೆರೆ ಬಂದಿರುತ್ತದೋ ಅವರು ಅವತ್ತು ನೀರಿಗೆ ಬಂದವರಿಗೆಲ್ಲ ಮಜ್ಜಿಗೆ ಕೊಡಬೇಕು, ಮುಖ ಗಂಟು ಹಾಕಿಕೊಳ್ಳಬಾರದು. ಹೆಣ್ಣು ಕೊಡಲು ಬಂದವರು ಹೊಲ ಎಷ್ಟಿದೆ ಎಂದು ಕೇಳುವುದಕ್ಕೆ ಮೊದಲು, ಕೆರೆ ನಿಮ್ಮ ಕಡೆ ಆಗಾಗ ಬರುತ್ತದೋ ಎಂದು ಕೇಳುತ್ತಾರೆ. ಬರುತ್ತದೆ ಎಂದೇ ನಾವೆಲ್ಲ ಹೇಳುತ್ತೇವೆ.

ರಾತ್ರಿಯಲ್ಲಿ ಕೆರೆ ಎಲ್ಲೂ ಇಲ್ಲದ ಒಂದು ಹೊತ್ತು ಇದೆ. ಹಳೆಯ ಜಾಗ ಬಿಟ್ಟಿರುತ್ತದೆ, ಹೊಸ ಜಾಗಕ್ಕೆ ಇನ್ನೂ ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ, ಬಯಲಿನಲ್ಲಿ ನೆಲದ ಮೇಲೆ ಮಲಗುವುದಿಲ್ಲ. ರಾಶಿ ಕಾಯುವವರು ಕೂಡ ಅಟ್ಟಣಿಗೆ ಕಟ್ಟಿಕೊಂಡು ಅದರ ಮೇಲೆಯೇ ಮಲಗಬೇಕು. ಬೆಂಕಿ ಮುಟ್ಟಬಾರದು ಎಂದು ಕಲಿಸುವಾಗಲೇ ಮಕ್ಕಳಿಗೆ ಇದನ್ನೂ ಕಲಿಸುತ್ತೇವೆ.

ಫಕೀರವ್ವನ ಗಂಡ ಸೋಮಲಿಂಗನಿಗೂ ಇದು ಗೊತ್ತಿತ್ತು. ಜೋಳದ ರಾಶಿಯ ಕಾಲದಲ್ಲಿ ಒಮ್ಮೆ ಪರಊರಿನ ಎತ್ತಿನ ವ್ಯಾಪಾರಿಯೊಬ್ಬ ಕತ್ತಲಾದ ಮೇಲೆ ಅವರ ಕಣಕ್ಕೆ ಬಂದು ತಂಗಿದ. ನಮ್ಮೂರಿನ ಸಂಗತಿ ಕೇಳಿ ಅವನು ನೆಲದ ಮೇಲೆ ಕೂರಲೂ ಒಪ್ಪಲಿಲ್ಲವಂತೆ. ಅತಿಥಿ ಹೆದರಿದ್ದಾನೆಂದು ಸೋಮಲಿಂಗ ಅಟ್ಟಣಿಗೆಯನ್ನು ಅವನಿಗೆ ಬಿಟ್ಟುಕೊಟ್ಟು, ತಾನು ಕೆಳಗೆ ಕಣದಲ್ಲೇ ಕಂಬಳಿ ಹಾಸಿದ. ಕೆರೆ ಆ ಕಣಕ್ಕೆ ಮೊನ್ನೆಯಷ್ಟೇ ಬಂದು ಹೋಗಿತ್ತು. ಬಂದ ಜಾಗಕ್ಕೆ ಅದು ಇಷ್ಟು ಬೇಗ ಮರಳುವುದಿಲ್ಲ ಎಂದು ಸೋಮಲಿಂಗ ಲೆಕ್ಕ ಹಾಕಿದ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಲೆಕ್ಕ ಹಾಕುತ್ತಿದ್ದೆ. ಅವತ್ತು ಅದು ಮರಳಿತು. ಬೆಳಿಗ್ಗೆ ವ್ಯಾಪಾರಿ ಅಟ್ಟಣಿಗೆಯ ಮೇಲಿಂದ ಕೂಗಿಕೊಂಡಾಗ ಸುತ್ತಲೂ ನೀರಿತ್ತು. ಈಜು ಬಲ್ಲವರು ದಿನವಿಡೀ ಮುಳುಗಿ ಹುಡುಕಿದರು. ಮಾರನೆಯ ದಿನ ಕೆರೆ ಹೊರಟುಹೋದ ಮೇಲೆ ನೋಡಿದರೆ ಜೋಳದ ರಾಶಿಯ ಮೇಲೆ ಇಬ್ಬನಿಯಷ್ಟು ಪಸೆ, ಕಂಬಳಿ ಹಾಸಿದ್ದು ಹಾಸಿದಂತೆಯೇ ಇತ್ತು. ಸೋಮಲಿಂಗ ಇರಲಿಲ್ಲ. ನಮ್ಮ ಕೆರೆ ಹೋಗುವಾಗ ಮೀನು, ಕಪ್ಪೆ, ಜೊಂಡು, ತನ್ನೊಳಗಿನದನ್ನೆಲ್ಲ ಕಟ್ಟಿಕೊಂಡು ಹೋಗುತ್ತದೆ. ಅವನನ್ನೂ ತನ್ನದೆಂದೇ ತಿಳಿದಿರಬೇಕು.

ಗಂಡ ಸತ್ತ ದುಃಖ ಊರಲ್ಲಿ ಬೇರೆಯವರಿಗೂ ಇದೆ, ನನಗೂ ಇದೆ. ಆದರೆ ನನ್ನ ಗಂಡ ಗುಡ್ಡದ ಬದಿಯ ಮಣ್ಣಿನಲ್ಲಿ ಮಲಗಿದ್ದಾನೆ. ಅಮಾವಾಸ್ಯೆಗೆ ಹೋಗಿ ಎಡೆ ಇಟ್ಟು, ಅವನು ಬದುಕಿದ್ದಾಗ ಬೈಯುವುದು ಬಾಕಿ ಉಳಿದದ್ದನ್ನು ಬೈದು, ಮನಸ್ಸು ಹಗುರ ಮಾಡಿಕೊಂಡು ಬರುತ್ತೇನೆ. ಫಕೀರವ್ವನಿಗೆ ಅಷ್ಟೂ ಇರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಎಡೆಯ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇವತ್ತು ಕೆರೆ ಎಲ್ಲಿದೆ ಎಂದು ಕೇಳುತ್ತ ಹೋಗಬೇಕು. ಒಮ್ಮೆ ಅದು ಗಿರಣಿಯ ಪಕ್ಕ ಇತ್ತು, ಬಟ್ಟೆ ಒಗೆಯುವವರ ನಡುವೆ ಜಾಗ ಮಾಡಿಕೊಂಡು ಎಡೆ ಇಡಬೇಕಾಯಿತು. ಇನ್ನೊಮ್ಮೆ ಗೌಡರ ಹಿತ್ತಿಲಲ್ಲಿತ್ತು. ಇವಳು ಕಣ್ಣು ಮುಚ್ಚಿ ಕೈ ಮುಗಿಯುವಷ್ಟರಲ್ಲಿ ಅವರ ಕೋಳಿಗಳು ಬಂದು ಹೋಳಿಗೆ ಹರಿದು ತಿಂದವು. ಅವತ್ತು ನನ್ನ ಅಂಗಳಕ್ಕೆ ಬಂದು ಕುಳಿತವಳು ಹೇಳಿದಳು: "ಸತ್ತಾನ ಅನ್ನೂದು ಒಪ್ಪೀನಿ ಹುಲಿಗೆವ್ವಾ. ಎಲ್ಲಿ ಅದಾನ ಅನ್ನೂದರ ಗೊತ್ತಾಗಬೇಕಲ್ಲ. ದಿನಾ ಒಂದೊಂದು ಕಡೆ. ನನಗೊಂದು ಜಾಗಾ ಬೇಕವ್ವಾ, ಇಲ್ಲೇ ಅದಾನ ಅಂತ ಕುಂತು ಒಂದು ತುತ್ತು ಇಡಾಕ." ನಾನು ಹೊಸ ಹೋಳಿಗೆ ಮಾಡಿಕೊಟ್ಟು ಕಳಿಸಿದೆ.

ಫಕೀರವ್ವ ಕೌದಿ ಹೊಲಿಯುವವಳು. ಹೊದೆಯುವ ಕೌದಿಯಲ್ಲ, ಅದನ್ನು ನಮ್ಮಲ್ಲಿ ಯಾರು ಬೇಕಾದರೂ ಹೊಲಿಯುತ್ತಾರೆ. ಅವಳು ಹಳೆ ಬಟ್ಟೆಯ ಚೂರುಗಳಲ್ಲಿ ಗುಡ್ಡ, ಹೊಲ, ಹಳ್ಳ, ಬೇಲಿ ಎಲ್ಲವನ್ನೂ ಹುಟ್ಟಿಸುತ್ತಿದ್ದಳು. ನಾನು ಗಂಟು ಬಿಚ್ಚಿದರೆ ಸಾಕು, ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಉಳುಮಿ ಆದ ಹೊಲ ನೋಡು" ಅನ್ನುವಳು. ನನಗೆ ಅದು ತೀರಿಹೋದ ವಕೀಲರ ಕರಿ ಕೋಟಾಗಿಯೇ ಕಾಣುತ್ತಿತ್ತು. ಹೊಲಿದ ಮೇಲೆ ನೋಡಿದರೆ ಎರೆಹೊಲವೇ ಸರಿ. ಒಂದು ಗುಡ್ಡವನ್ನು ದಾಳಿಂಬೆ ಸಿಪ್ಪೆಯಲ್ಲಿ ಕುದಿಸಿದ ಪಂಚೆಯಿಂದ ಮಾಡಿದ್ದಳು. ಅದನ್ನು ನೋಡಿ ನಮ್ಮ ವಾಚನಾಲಯದ ತೋಟಪ್ಪನಿಗೆ ಆಸೆ ಹುಟ್ಟಿತು.

ತೋಟಪ್ಪ ವಾಚನಾಲಯ ನೋಡಿಕೊಳ್ಳುವವನು. ಓದಲು ಬರುವವರಿಗಿಂತ ಫ್ಯಾನಿನ ಕೆಳಗೆ ನಿದ್ದೆ ಮಾಡಲು ಬರುವವರೇ ಹೆಚ್ಚು ಎಂಬ ಕೊರಗು ಅವನಿಗೆ. ಫಕೀರವ್ವನ ಕೌದಿಗಳನ್ನೆಲ್ಲ ಅಲ್ಲಿ ತೂಗುಹಾಕಿ ಪ್ರದರ್ಶನ ಮಾಡೋಣ, ಎದುರು ಗೋಡೆಗೆ ಮಾತ್ರ ಹೊಸದೊಂದು ದೊಡ್ಡ ಕೌದಿ ಬೇಕು, ಅದರಲ್ಲಿ ಇಡೀ ಊರು ಇರಬೇಕು ಎಂದ. ನಮ್ಮೂರಿಗೆ ನಕ್ಷೆಯಿಲ್ಲ. ಸರ್ವೆಯವರು ಬಂದಿದ್ದರು, ಕೆರೆಯನ್ನು ಒಂದೇ ಹಾಳೆಯಲ್ಲಿ ನಾಲ್ಕು ಕಡೆ ಬರೆದು, ಒಬ್ಬರನ್ನೊಬ್ಬರು ಬೈದುಕೊಂಡು, ಹಾಳೆ ಹರಿದುಹಾಕಿ ಹೋದರು. "ಅವರ ಕೈಲಿ ಆಗಲಿಲ್ಲ, ನೀ ಮಾಡು ಫಕೀರವ್ವಾ" ಎಂದ ತೋಟಪ್ಪ. ಅವಳು ಒಂದು ವಾರ ಯೋಚಿಸಿದಳು. ಆಮೇಲೆ ಆಗಲಿ ಎಂದಳು.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಒಳಗೆ ಬರುತ್ತದೆ. ಸುತ್ತಲಿನ ಗುಡ್ಡಗಳು ಬಂದವು, ಎರೆಹೊಲ ಬಂತು, ಓಣಿಗಳು ಬಂದವು. ಗಿರಣಿಯನ್ನು ಹಿಟ್ಟಿನ ಚೀಲದಲ್ಲೇ ಮಾಡಿದಳು. ಗೌಡರ ಮನೆಗೆ ಇಳಕಲ್ ಸೀರೆಯ ದಡಿ ಹಚ್ಚಿ, ನನ್ನ ಮನೆಗೆ ನನ್ನದೇ ಹಳೆ ಕುಪ್ಪಸ ಹಚ್ಚಿದಳು. ಅದೂ ತೇಪೆ ಕಾಣುವ ಹಾಗೆ. ನೋಡಲು ಬಂದವರೆಲ್ಲ ಮೊದಲು ತಮ್ಮ ಮನೆ ಹುಡುಕಿ, ಸಿಕ್ಕ ಮೇಲೆ ಪಕ್ಕದವರದು ತಮ್ಮದಕ್ಕಿಂತ ದೊಡ್ಡದಾಗಿದೆಯೇ ಎಂದು ಗೇಣು ಹಾಕಿದರು. ನಡುವೆ ಬರಿ ಬಿಳಿ ಬಟ್ಟೆ ಉಳಿದಿತ್ತು. ಕೆರೆ ಎಲ್ಲೂ ಇರಲಿಲ್ಲ.

ಆಗ ಗಿರಣಿಯ ಚಮನಸಾಬ ಹಿಟ್ಟು ಬೀಸುತ್ತ ಒಂದು ಮಾತು ಆಡಿದ. ಕೆರೆಗೆ ತನ್ನ ಜಾಗ ಯಾವುದೆಂದು ಯಾರೂ ಇದುವರೆಗೆ ತೋರಿಸಿಲ್ಲ, ಅದಕ್ಕೇ ಅಲೆಯುತ್ತಿದೆ. ಫಕೀರವ್ವ ಎಲ್ಲಿ ಹೊಲಿಯುತ್ತಾಳೋ ಅಲ್ಲಿ ನಿಂತರೂ ನಿಂತೀತು ಎಂದ. ಅವನು ತಮಾಷೆಗೆ ಆಡಿದ್ದು. ಆದರೆ ಗಿರಣಿಯಲ್ಲಿ ಆಡಿದ ಮಾತು ಎಲ್ಲರ ಹಿಟ್ಟಿನ ಡಬ್ಬಿಯ ಜೊತೆ ಮನೆಮನೆಗೆ ಹೋಗುತ್ತದೆ. ಎರಡು ದಿನದಲ್ಲಿ ಊರಿಗೆ ಊರೇ ಅದನ್ನು ನಂಬಿತು. ಆಡಿದ ಚಮನಸಾಬನೂ ನಂಬಿ, ನೀಲಿ ಲುಂಗಿಯೊಂದನ್ನು ಮಡಚಿಕೊಂಡು ಬಂದ.

ನೀಲಿ ಬಟ್ಟೆ ನನ್ನ ಕೈಗೆ ಬರತೊಡಗಿದ್ದು ಆಗಲೇ. ಶಾಲೆ ಲಂಗ, ಹಳೆ ಸೀರೆಯ ಸೆರಗು, ಪೊಲೀಸರ ಮನೆಯ ಪರದೆ, ಎಲ್ಲ ಬಂದವು. ಗೌಡರ ಹೆಂಡತಿ, ಗೌಡಶಾನಿ ಬಸಲಿಂಗಮ್ಮ ತಾನೇ ರೇಷ್ಮೆ ಸೀರೆ ಹಿಡಿದು ಫಕೀರವ್ವನ ಮನೆಗೆ ಬಂದಳು. ಅವಳು ಹಾಗೆ ಇನ್ನೊಬ್ಬರ ಮನೆಗೆ ನಡೆದು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಮ್ಮ ಹಿತ್ತಲದಾಗ ಹೊಲಿದ್ರ ಯಾರಿಗೂ ತ್ರಾಸಿಲ್ಲ" ಎಂದಳು. "ದಿನಾ ಊರಿಗೆಲ್ಲ ಮಜ್ಜಗಿ ನಾವ ಕೊಡ್ತೀವಿ. ನಮ್ಮಲ್ಲೇನು ಎಮ್ಮಿ ಕಡಿಮಿ ಅದಾವ?"

"ನೋಡೂಣ್ರಿ" ಎಂದಳು ಫಕೀರವ್ವ.

ಚಮನಸಾಬನಿಗೂ ನೋಡೋಣ ಎಂದಳು, ಅಂಬಿಗರಿಗೂ ನೋಡೋಣ ಎಂದಳು. ತೋಟಪ್ಪ ಬಂದು, ಚೀಟಿ ಎತ್ತೋಣ, ಹೆಸರು ಬಂದವರ ಮನೆ ಮುಂದೆ ಹೊಲಿ ಎಂದ. ಅವನಿಗೂ ಅದೇ ಉತ್ತರ. ನೀಲಿ ಬಟ್ಟೆಯ ಗುಡ್ಡೆ ಮಾತ್ರ ಅವಳ ಮನೆಯ ಮೂಲೆಯಲ್ಲಿ ಬೆಳೆಯುತ್ತ ಹೋಯಿತು, ಅವಳು ಅದರಿಂದ ಒಂದು ಚೂರನ್ನೂ ಕತ್ತರಿಸಲಿಲ್ಲ.

ಯಾಕೆಂದು ನಾನೇ ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಮ್ಮ ಕಣದಾಗ ಹೊಲಿದ್ರ ಏನಾಕ್ಕೈತಿ?"

"ಕೆರಿ ಅಲ್ಲೇ ನಿಲ್ತೈತಿ ಅಂತಾರ."

"ಕೆರಿ ನಿಂತ್ರ ಆತನೂ ನಿಲ್ತಾನ."

ಊರಿನವರೆಲ್ಲ ನೀರು ಎಲ್ಲಿರಬೇಕು ಎಂದು ಕಚ್ಚಾಡುತ್ತಿದ್ದರೆ, ಇವಳ ಎಣಿಕೆ ಬೇರೆಯೇ ಆಗಿತ್ತು. ಕಣ ಊರಿನಿಂದ ದೂರ. ಅಗಸರ ಓಣಿಯಿಂದ ಹೊರಟರೆ ಕೊಡ ಇಳಿಸಿ ಕೂರದೆ ಅಲ್ಲಿಯವರೆಗೆ ಹೋಗಿಬರಲು ಯಾರಿಂದಲೂ ಆಗದು. ಅದನ್ನು ಹೇಳಿದೆ. ಗೊತ್ತಿದೆ ಎಂದಳು. ಗೊತ್ತಿದ್ದೂ ಹೊಲಿಯುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನಾಗಿದ್ದರೆ ಹೊಲಿದುಬಿಡುತ್ತಿದ್ದೆನೋ ಏನೋ.

ಆ ವಾರವೇ ಅಗಸರ ಓಣಿಗೆ ಹೋಗಿದ್ದೆ. ಓಣಿಯ ತುದಿಯಲ್ಲಿ ಲಚಮವ್ವ ಎಂಬ ಮುದುಕಿ ಇದ್ದಾಳೆ, ಅವಳಿಗೆ ಒಂದು ಕಾಲು ಊರಲು ಬರುವುದಿಲ್ಲ. ನೆರೆಯವರು ತಂದುಕೊಡುವ ಒಂದು ಕೊಡದಲ್ಲಿ ದಿನ ಕಳೆಯುತ್ತಾಳೆ. ಕೆರೆ ಅವಳ ಬಾಗಿಲಿಗೆ ಬಂದ ದಿನ ಮಾತ್ರ ಹೊಸ್ತಿಲ ಮೇಲೆ ಕುಳಿತು ತಾನೇ ತಲೆಗೆ ನೀರು ಹಾಕಿಕೊಂಡು, ತನ್ನ ಎರಡು ಸೀರೆ ಒಗೆದುಕೊಂಡು, ಸಂಜೆಯವರೆಗೆ ಕಾಲು ನೀರಲ್ಲಿ ಬಿಟ್ಟು ಕೂರುತ್ತಾಳೆ. ನನ್ನ ಕೈಗೆ ಅವಳು ಮಾಸಿದ ನೀಲಿ ಸೆರಗಿನ ತುಂಡೊಂದನ್ನು ಕೊಟ್ಟಳು.

"ನಿನ್ನ ಮನಿ ಮುಂದ ಹೊಲಿ ಅಂತ ಹೇಳಲೇನು?" ಎಂದೆ.

"ಬ್ಯಾಡವಾ. ಎಲ್ಲೆರ ಹೊಲೀಲಿ. ನಡುವ ಒಂದಿನ ಈ ಕಡೆ ಬರಾಕ ಬಿಡು ಅನ್ನು, ಸಾಕು."

ಆ ತುಂಡನ್ನೂ ಆ ಮಾತನ್ನೂ ಹಾಗೆಯೇ ತಂದು ಫಕೀರವ್ವನಿಗೆ ಒಪ್ಪಿಸಿದೆ. ಅವಳು ತುಂಡನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತ ಕುಳಿತಳು. ನಾಳೆಯಿಂದ ಯಾರನ್ನೂ ಒಳಗೆ ಬಿಡುವುದಿಲ್ಲ, ನೀನೂ ಬರಬೇಡ, ಕರೆದಾಗ ಬಾ ಎಂದಳು. ನನಗೆ ಸ್ವಲ್ಪ ಸಿಟ್ಟು ಬಂತು. ಊರೆಲ್ಲ ಅಲೆದು ಬಟ್ಟೆ ತಂದವಳು ನಾನು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಕರೆದಳು. ಕೌದಿಯ ಹೊಟ್ಟೆ ಮುಚ್ಚಬೇಕಿತ್ತು. ನಮ್ಮಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಹೊಲಿಗೆ ನಡುವಿಗೆ ಬಂದಾಗ ಅಂಗೈಯಗಲ ಬಾಯಿ ಬಿಟ್ಟು, ಒಳಗೆ ಒಣರೊಟ್ಟಿಯ ಚೂರು ಇಟ್ಟು ಮುಚ್ಚುತ್ತೇವೆ. ಮುಚ್ಚುವಾಗ ಇನ್ನೊಬ್ಬಳು ಅಂಚು ಹಿಡಿದಿರಬೇಕು. ಬಾಯಿ ಇರುವುದು ಬೆನ್ನಿನ ಕಡೆ, ಹಾಗಾಗಿ ಕೌದಿಯನ್ನು ಮಗುಚಿ ಹಾಕಿದ್ದಳು. ಮೇಲ್ಮೈ ನನಗೆ ಕಾಣಲಿಲ್ಲ, ತೋರಿಸು ಎಂದು ನಾನೂ ಕೇಳಲಿಲ್ಲ. ಮೂಲೆಯಲ್ಲಿ ನೀಲಿ ಗುಡ್ಡೆ ಕರಗಿಹೋಗಿತ್ತು.

ರೊಟ್ಟಿಯ ಚೂರು ಇಟ್ಟಳು. ಆಮೇಲೆ ಗೂಡಿನಿಂದ ಅಗಸೆ ಚಟ್ನಿಪುಡಿ ತಂದು ಅದರ ಮೇಲೆ ಒಂದು ಚಿಟಿಕೆ ಉದುರಿಸಿದಳು.

"ಚಟ್ನಿ ಯಾರೂ ಹಾಕೂದಿಲ್ಲಲ್ಲ. ಎಣ್ಣಿ ಬಿಡ್ತೈತಿ, ಕಲಿ ಬೀಳ್ತೈತಿ" ಎಂದೆ.

"ಬೀಳ್ಲಿ. ಅದಿಲ್ಲದ ಆತಗ ರೊಟ್ಟಿ ಇಳಿತಿದ್ದಿಲ್ಲ."

ಅವಳು ಎಡೆ ಇಡುತ್ತಿದ್ದಾಳೆ ಎಂದು ನನಗೆ ಆಗ ಅರ್ಥವಾಯಿತು. ಅಂದರೆ ಕಣದಲ್ಲೇ ಕೆರೆ ಹೊಲಿದಿದ್ದಾಳೆ. ನಾಳೆ ಗೌಡಶಾನಿ ಏನೆನ್ನುತ್ತಾಳೋ, ಊರು ಇವಳನ್ನು ಹೇಗೆ ನೋಡುತ್ತದೋ ಎಂಬ ಯೋಚನೆಯಲ್ಲಿ ಹಿಡಿತ ಸಡಿಲ ಬಿಟ್ಟೆ. ಅಂಚು ನೆಟ್ಟಗೆ ಹಿಡಿ ಎಂದು ಬೈಸಿಕೊಂಡೆ. ಲಚಮವ್ವನ ಮುಖ ನೆನಪಾಗಿ, ಇದು ಸರಿಯಲ್ಲ ಎನ್ನಬೇಕೆನಿಸಿತು. ಹೊಲಿಗೆ ಹಾಕುತ್ತಿದ್ದವಳ ಮುಖ ನೋಡಿದೆ, ಅಷ್ಟು ಸಮಾಧಾನ ಅಲ್ಲಿ ಕಂಡು ಎಷ್ಟೋ ವರ್ಷವಾಗಿತ್ತು. ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಮರುದಿನ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಚಮವ್ವನನ್ನು ಅಂಬಿಗರು ದೋಣಿಯಲ್ಲೇ ಕೂರಿಸಿ ಎಳೆದುಕೊಂಡು ಬಂದಿದ್ದರು. ಬಲಗೋಡೆಯ ಗುಡ್ಡಗಳನ್ನು, ಎಡಗೋಡೆಯ ಹೊಲಗಳನ್ನು ಯಾರೂ ಸರಿಯಾಗಿ ನೋಡಲಿಲ್ಲ. ಎಲ್ಲರ ಕಣ್ಣು ಎದುರುಗೋಡೆಯ ಕೌದಿಗೆ ಮುಚ್ಚಿದ್ದ ಬೆಡ್‌ಶೀಟಿನ ಮೇಲೆ. ತೋಟಪ್ಪ ಮೂರು ಹಾಳೆ ಭಾಷಣ ಬರೆದುಕೊಂಡು ಬಂದಿದ್ದ. ಮೊದಲ ಹಾಳೆಗೇ ಜನ ಸಾಕು ಎಂದರು. ಅವನು ಬೆಡ್‌ಶೀಟು ಎಳೆದ.

ರಾತ್ರಿಯ ಊರು ಅದು. ಮೇಲೆ ಇಡೀ ಆಕಾಶ ನೀಲಿ. ಅಷ್ಟು ದಿನ ಆಕಾಶವೂ ಬಿಳಿಯಾಗಿಯೇ ಉಳಿದಿತ್ತು ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಗೌಡಶಾನಿಯ ರೇಷ್ಮೆಗೆ ಚಮನಸಾಬನ ಲುಂಗಿ ತಾಗಿಕೊಂಡಿತ್ತು, ಅದಕ್ಕೆ ಶಾಲೆಯ ಲಂಗ, ಅದಕ್ಕೆ ಪೊಲೀಸರ ಪರದೆ. ಲಚಮವ್ವನ ಮಾಸಿದ ತುಂಡನ್ನು ಗುಡ್ಡದ ನೆತ್ತಿಗೆ, ಬೆಳಗಾಗುವ ಕಡೆಗೆ ಹಚ್ಚಿದ್ದಳು. ಎಲ್ಲರೂ ತಮ್ಮ ತಮ್ಮ ಬಟ್ಟೆ ಗುರುತಿಸಿ ಬೆರಳು ತೋರಿಸಿದರು. ಕೆಳಗೆ ಓಣಿಗಳಲ್ಲಿ ಒಂದೂ ಬಾಗಿಲು ತೆರೆದಿರಲಿಲ್ಲ. ಆಮೇಲೆ ಎಲ್ಲರ ಬೆರಳೂ ಕೆರೆ ಹುಡುಕುತ್ತ ಗಿರಣಿಯ ಪಕ್ಕ, ಗೌಡರ ಹಿತ್ತಿಲು, ಅಗಸರ ಓಣಿ ಸುತ್ತಿ, ನಡುವೆ ಬಂದು ನಿಂತವು.

ಊರಿನಿಂದ ದೂರದ ಕಣವನ್ನು ತಂದು ನಡುವೆ ಇಟ್ಟಿದ್ದಳು. ಹಳದಿ ಜೋಳದ ರಾಶಿ, ನಾಲ್ಕು ಕಾಲಿನ ಅಟ್ಟಣಿಗೆ. ಅದರ ಕೆಳಗೆ ಕರಿಕಂಬಳಿಯ ಮೇಲೆ ಬೆರಳುದ್ದದ ಒಬ್ಬ ಮನುಷ್ಯ, ಮಗ್ಗುಲಾಗಿ, ಒಂದು ಮೊಣಕಾಲು ಮಡಚಿ, ಕೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿದ್ದ. ಸೋಮಲಿಂಗ ಎಲ್ಲಿ ಒರಗಿದರೂ ಹಾಗೇ ಮಲಗುತ್ತಿದ್ದ ಎಂಬುದು ಅವನ ವಯಸ್ಸಿನವರಿಗೆಲ್ಲ ಗೊತ್ತು. ಚಮನಸಾಬ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಕಣದ ಸುತ್ತ ನೆಲ ಒಣಗಿತ್ತು. ಕೌದಿಯ ಯಾವ ಮೂಲೆಯಲ್ಲೂ ನೀರಿನ ಒಂದು ಎಳೆ ಇರಲಿಲ್ಲ.

ಗೌಡಶಾನಿಗೆ ಇನ್ನೂ ತಿಳಿದಿರಲಿಲ್ಲವೋ, ತಿಳಿದೂ ಕೇಳಿದಳೋ, ಗೊತ್ತಿಲ್ಲ. "ಎಲ್ಲಾ ಐತಿ. ಕೆರಿ ಎಲ್ಲೈತಿ ಫಕೀರವ್ವಾ?"

ಫಕೀರವ್ವ ಕೌದಿಯ ಕಡೆಗೇ ನೋಡುತ್ತಿದ್ದಳು. "ಇನ್ನೂ ಬಂದಿಲ್ಲರೀ" ಎಂದಳು.

ಕೆರೆ ಎಲ್ಲೂ ಇಲ್ಲದ ಆ ಹೊತ್ತನ್ನೇ ಅವಳು ಹೊಲಿದಿದ್ದಳು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಹಿಂದೆ ಬಾಗಿಲ ಬಳಿ ಇದ್ದವರಿಗೆ ಏನಾಯಿತೆಂದು ಕಾಣದೆ ನೂಕಾಟ, ಗದ್ದಲ. ಲಚಮವ್ವ ಕುಳಿತಲ್ಲಿಂದಲೇ ಅವರ ಕಡೆ ತಿರುಗಿ ತುಟಿಗೆ ಬೆರಳು ಹಚ್ಚಿ, "ಮೆಲ್ಲಕ ಮಾತಾಡ್ರಿ" ಎಂದಳು. ಗದ್ದಲ ನಿಂತಿತು. ಜನ ಒಬ್ಬೊಬ್ಬರಾಗಿ ಹತ್ತಿರ ಹೋಗಿ ನೋಡಿದರು, ಪಿಸುದನಿಯಲ್ಲಿ ಮಾತಾಡಿಕೊಂಡರು, ಹೊರಗೆ ಬಂದರು. ಗೌಡಶಾನಿ ಕೈಯ ಬಳೆಗಳನ್ನು ಸಪ್ಪಳಾಗದಂತೆ ಸೆರಗಿನಿಂದ ಹಿಡಿದುಕೊಂಡು ನಡೆದಳು.

ಎಲ್ಲ ಹೋದ ಮೇಲೆ ಫಕೀರವ್ವ ಕೌದಿಯ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕುಳಿತಳು. ಮನೆಗೆ ಹೋಗೋಣವೇ ಎಂದೆ.

"ನೀ ನಡಿ. ನಾ ಇಲ್ಲೇ ಸ್ವಲ್ಪ ಹೊತ್ತು ಆತನ ಹತ್ರ ಕುಂತಿರ್ತೀನಿ."

ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಬಾಗಿಲನ್ನು ನಿಧಾನವಾಗಿ ಎಳೆದುಕೊಂಡೆ.